ಹೋಟೆಲಿಗೆ ಒಯ್ದ ಪಾಸ್ತಾ

ಬುಧವಾರ, ಮಧ್ಯಾಹ್ನ

ನನ್ನ ಮುದ್ದು ಪುಟ್ಟಿಗೆ ಅಕ್ಕನ ಅಕ್ಕರೆಯ ನೆನಪುಗಳು.

ನಿನ್ನ ಪತ್ರ ತಲುಪಿತು. ಹಾಸಿಗೆ ಹಿಡಿದ ಅಮ್ಮನ ಬಗ್ಗೆ ಒಂದು ಮಾತಿಲ್ಲ, ಬರೀ ಒಂದು ಪ್ರಶ್ನೆ: 'ಅಕ್ಕಾ, ಅವತ್ತು ನಿನಗೆ ನಿಜವಾಗ್ಲೂ ವಾಸನೆ ಬಂದಿರ್ಲಿಲ್ವಾ?'

ಬಂದಿತ್ತು ಕಣೇ.

ಅಡುಗೆ ಕೆಲಸ ಕೇಳಲು ಆ ಹೋಟೆಲಿಗೆ ನಿನ್ನ ಪಾಸ್ತಾ ಒಯ್ದೆವಲ್ಲ, ಅದರ ಹಿಂದಿನ ಸಂಜೆ ಬೇಯಿಸಿ ಎಳೆ ಎಳೆಯಾಗಿ ಬಿಡಿಸಿಟ್ಟ ಕೋಳಿಯನ್ನು ನೀನು, ಅಮ್ಮನ ಹಾಸಿಗೆ ಬದಲಿಸುವ ಗಡಿಬಿಡಿಯಲ್ಲಿ, ಫ್ರಿಜ್ಜಿಗೆ ಸೇರಿಸುವುದನ್ನೇ ಮರೆತಿದ್ದೆ. ಬೆಳಿಗ್ಗೆ ನೀನು ಪಾಲಕ್ ತೊಳೆಯುತ್ತಿದ್ದಾಗ ನಾನು ಮುಚ್ಚಳ ತೆಗೆದೆ. ಹುಳಿ ನಾತ ಮುಖಕ್ಕೇ ಬಡಿಯಿತು. ಆ ಜ್ವರ ಬಂದು ಹೋದ ಮೇಲೆ ನಿನ್ನ ಮೂಗು ಸತ್ತಿದೆ, ನಾಲಿಗೆಯೂ ಅಷ್ಟಕ್ಕಷ್ಟೆ. ಅದಕ್ಕೇ 'ಸ್ವಲ್ಪ ಮೂಸಿ ನೋಡೇ' ಅಂತ ನೀನು ಕೇಳಿದ್ದು. 'ಘಮ್ ಅಂತಿದೆ, ಹಾಕು' ಅಂತ ನಾನು ಹೇಳಿದ್ದು.

ಒಂದೂ ಗಂಟಿಲ್ಲದ ಬಿಳಿ ಸಾಸು, ಓವನ್ನಿನಲ್ಲಿ ಕೊತಕೊತ ಉಬ್ಬಿ ಅಂಚು ಕೆಂಪಾದ ಚೀಸು, ನಡುನಡುವೆ ಹಸಿರು ಸೊಪ್ಪು! ನೋಡಲು ಎಷ್ಟು ಚಂದವಿತ್ತು. ನಿನ್ನ ಮುಖ ಅದಕ್ಕಿಂತ ಚಂದವಿತ್ತು.

ಹೋಟೆಲಿನ ಯಜಮಾನ ಮೊದಲ ತುತ್ತನ್ನೇ ಕಾಗದಕ್ಕೆ ಉಗುಳಿದ. 'ಮನೇಲಿ ಯಾರೂ ತಿಂದು ನೋಡ್ಲಿಲ್ವಾ?' ಅಂತ ಅವನು ಕೇಳಿದಾಗ ನೀನು ನನ್ನ ಕಡೆ ತಿರುಗಿದೆ. ನಾನು ಕೈಚೀಲದಲ್ಲಿ ಏನೋ ಹುಡುಕುತ್ತಿದ್ದೆ. ಪಾತ್ರೆ ತೊಳೆಯುವವರೂ ನಕ್ಕರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಆ ಟ್ರೇ ಅವಚಿಕೊಂಡು ಕೂತೆಯಲ್ಲ, ಪಕ್ಕದ ಹೆಂಗಸು ಎದ್ದು ಹೋದಳು. ಯಾಕೆಂದು ನಿನಗೆ ತಿಳಿಯಲೂ ಇಲ್ಲ, ಪಾಪ.

ಕೋಪ ಮಾಡಿಕೊಳ್ಳಬೇಡ. ನಾನು ಬಾಯಿಬಿಟ್ಟಿದ್ದರೆ ನೀನು ಓಡಿಹೋಗಿ ಬೇರೆ ಕೋಳಿ ತರುತ್ತಿದ್ದೆ, ಕೆಲಸ ಸಿಕ್ಕೇ ಸಿಗುತ್ತಿತ್ತು. ಆಮೇಲೆ ಅಮ್ಮನ ಗತಿ? ನಾನೇ ನಮ್ಮ ಮನೆಗೆ ಕರೆತರಬೇಕಿತ್ತು. ಈಗಷ್ಟೇ ಗೋಡೆಗೆ ಬಣ್ಣ ಹೊಡೆಸಿದ್ದೇವೆ. ಯಾರಾದರೂ ನರಳುವುದು ಕೇಳಿಸಿದರೆ ನಿನ್ನ ಭಾವನಿಗೆ ಊಟ ಸೇರುವುದಿಲ್ಲ. ನಿನಗಾದರೆ ಹೇಗೂ ವಾಸನೆ ಹತ್ತುವುದಿಲ್ಲ. ಅವಳ ಬಟ್ಟೆ ಬದಲಿಸಲು ನಿನಗಿಂತ ತಕ್ಕವರು ಯಾರಿದ್ದಾರೆ ಹೇಳು?

ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮನಿಗೆ ನನ್ನದೊಂದು ಮುತ್ತು ಕೊಡು.

ಯಾವತ್ತೂ ನಿನ್ನವಳೇ,
ಅಕ್ಕ

ಹೇಳಲು ಮರೆತಿದ್ದೆ: ಮೊನ್ನೆ ಆ ಯಜಮಾನ ಫೋನ್ ಮಾಡಿದ್ದ, ಅವತ್ತು ನನ್ನ ನಂಬರನ್ನೇ ಕೊಟ್ಟಿದ್ದೆನಲ್ಲ. ನಿನ್ನ ಮೂಗಿನ ವಿಷಯವನ್ನೂ ಹೇಳಿದೆ. 'ಮೂಸೋಕೆ ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರಮ್ಮ, ಸಾಸಿನ ಆ ಹದ ಗೊತ್ತಿರೋರು ಒಬ್ರೂ ಇಲ್ಲ, ನಾಳೆಯಿಂದ್ಲೇ ಕಳ್ಸಿ' ಅಂದ. ನೀನೇ ಒಲ್ಲೆ ಅಂದೆಯೆಂದು ತಿಳಿಸಿದೆ. ನಿನ್ನೆ ಬೇರೆ ಯಾರನ್ನೋ ಇಟ್ಟುಕೊಂಡರಂತೆ.