ಈ ಅಂಗಡಿಯಲ್ಲಿ ಮಾತ್ರ ಇದ್ದ ಬ್ಯಾಂಡು

ಹೊಲಿಗೆ ಅಂಗಡಿಯ ಮೇಲಿನ ಮನೆ,
ಮಾರ್ಚ್ ೯, ಭಾನುವಾರ

ಪ್ರೀತಿಯ ಪುಟ್ಟಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಆ ಕಾರ್ಖಾನೆಯಲ್ಲಿ ದಿನವಿಡೀ ಬರೀ ಕಾಲರ್ ಹೊಲಿಸುತ್ತಾರಂತೆ, ಕೂರುವ ಸ್ಟೂಲಿಗೆ ಒಂದು ದಿಂಬನ್ನಾದರೂ ಹಾಕಿಕೋ. ನಾವು ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಆದರೆ ನಿಮ್ಮಣ್ಣ ಮೂರು ದಿನದಿಂದ ಗರಬಡಿದವರ ಹಾಗೆ ಕೂತಿದ್ದಾರೆ. ನನಗೂ ಇನ್ನೂ ನಂಬಿಕೆ ಬರುತ್ತಿಲ್ಲ. ಗಾಬರಿಯಾಗಬೇಡ, ಯಾರ ಆರೋಗ್ಯವೂ ಕೆಟ್ಟಿಲ್ಲ.

ಗುರುವಾರ ಅಂಗಡಿಯ ರೆಕಾರ್ಡ್ ಪ್ಲೇಯರ್ ನಿಂತೇಹೋಯಿತು. ರೇಡಿಯೊ ರಿಪೇರಿಯವನು ಬಂದು ಬಿಚ್ಚಿ, ಒಳಗಿಂದ ತುಂಡಾದ ಬೆಲ್ಟೊಂದನ್ನು ಎಳೆದ. ಅದು ಪ್ಲೇಯರಿನದಲ್ಲ, ಹೊಲಿಗೆ ಯಂತ್ರದ್ದು! ನೀವಿಬ್ಬರೂ ಚಿಕ್ಕವರಿದ್ದಾಗ ಮಾವ ತಾವೇ ಕತ್ತರಿಸಿ, ದಾರದಿಂದ ಹೊಲಿದು ಹಾಕಿದ್ದರಂತೆ. ಅದು ಜಾರುತ್ತಿತ್ತು, ಇಷ್ಟು ವರ್ಷವೂ ನಿಮ್ಮ ರೆಕಾರ್ಡುಗಳು ನಿಧಾನವಾಗಿಯೇ ತಿರುಗಿವೆ ಎಂದ. ಹೊಸ ಬೆಲ್ಟು ಹಾಕಿ, ಪ್ಲೇಯರಿನ ಮೇಲೆ ಆಗಲೇ ಇದ್ದ ನಿನ್ನ ಬೀಚ್ ಬಾಯ್ಸ್ ರೆಕಾರ್ಡನ್ನೇ ಹಚ್ಚಿದ. ನಿನ್ನ ರೆಕಾರ್ಡು ಅಲ್ಲಿಗೆ ಹೇಗೆ ಬಂತೆಂದು ನಾನು ಕೇಳಲಿಲ್ಲ.

ಅಮೆರಿಕದ ಅತಿ ದೊಡ್ಡ ರಾಕ್ ಬ್ಯಾಂಡು ಇದೇ, ಇಂಥ ದುಃಖ ಬೇರೆ ಯಾರಿಗೂ ಗೊತ್ತಿಲ್ಲ ಅಂತ ಇಸ್ತ್ರಿಪೆಟ್ಟಿಗೆ ಆರುವವರೆಗೂ ನಿಮ್ಮಣ್ಣನ ಜೊತೆ ವಾದಿಸುತ್ತಿದ್ದೆಯಲ್ಲ? ಸರಿಯಾದ ವೇಗದಲ್ಲಿ ಕೇಳಿದರೆ ದುಃಖವೆಲ್ಲಿ ಬಂತು, ಪುಟ್ಟಾ! ಶಾಲೆಗೆ ರಜೆ ಸಿಕ್ಕ ಹುಡುಗರ ಹಾಗೆ ಕುಣಿಯುತ್ತಿದ್ದಾರೆ. ನಿಮ್ಮಣ್ಣ ಹೊಟ್ಟೆ ಹಿಡಿದು ನಕ್ಕರು. ನಕ್ಕು, ಜಂಬದಿಂದ ತಮ್ಮ ಕ್ರೀಡೆನ್ಸ್ ರೆಕಾರ್ಡು ಹಚ್ಚಿದರು. ದುಡಿಯುವವರ ಬ್ಯಾಂಡು, ಯಂತ್ರ ತುಳಿಯುವ ಕಾಲಿಗೇ ಹುಟ್ಟಿದ ತಾಳ ಎನ್ನುತ್ತಿದ್ದರಲ್ಲ, ಆ ತಾಳ ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಓಡಿತು. ಸೋಲೊಪ್ಪದೆ ಅದಕ್ಕೆ ಸರಿಯಾಗಿ ತುಳಿಯಹೋಗಿ, ಅಂಚೆಯವನ ಪ್ಯಾಂಟಿನ ಎರಡು ಕಾಲನ್ನೂ ಸೇರಿಸಿ ಹೊಲಿದುಬಿಟ್ಟರು. ಆಮೇಲೆ ನಗು ನಿಂತಿತು.

ಪಕ್ಕದ ಕ್ಷೌರದಂಗಡಿಯ ತಾತ ಕೋಟು ಒಯ್ಯಲು ಬಂದವನು ಎಲ್ಲ ಕೇಳಿ ಹೇಳಿದ: "ಅಣ್ಣತಮ್ಮ ಹೊಡೆದಾಡಿಕೊಂಡ್ರಲ್ಲ, ಆ ಎರಡು ಬ್ಯಾಂಡೂ ಅಮೆರಿಕದಲ್ಲೇ ಇಲ್ಲ ಕಣಯ್ಯ. ಈ ಅಂಗಡೀಲಿ ಮಾತ್ರ ಇದ್ವು."

ಇದಕ್ಕಾಗಿ ಎರಡು ವರ್ಷ ದೂರವಾದಿರಿ, ಪುಟ್ಟಾ! ನಿಮ್ಮಣ್ಣ ನಿನಗೆ ಕಿವಿಯೇ ಇಲ್ಲ ಅಂದರು. ನೀನು ಇನ್ನು ಒಂದೇ ಮೇಜಲ್ಲಿ ಬಟ್ಟೆ ಕತ್ತರಿಸಲ್ಲ ಅಂತ ಕತ್ತರಿ ಎತ್ತಿಕೊಂಡು ಹೋದೆ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಿರಿ ಇಬ್ಬರೂ. ನನಗೆ ನಿಮ್ಮಿಬ್ಬರ ಮೇಲೂ ಸಿಟ್ಟಿದೆ, ಅದಕ್ಕಿಂತ ಹೆಚ್ಚಾಗಿ ಅಳು ಬರುತ್ತಿದೆ. ಮೇಜಿನ ನಿನ್ನ ಅರ್ಧದ ಮೇಲೆ ನಿಮ್ಮಣ್ಣ ಇವತ್ತಿಗೂ ಬಟ್ಟೆ ಹರಡುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಎಲ್ಲಿದ್ದರೂ ನೂರು ವರ್ಷ ಚೆನ್ನಾಗಿರು.

ನಿನ್ನ ಜಗಳಗಂಟಿ ಅತ್ತಿಗೆ

ತಾ.ಕ.: ಲಕೋಟೆ ಅಂಟಿಸುತ್ತಿದ್ದೆ, ಕೆಳಗಿನಿಂದ ನಿನ್ನ ಬೀಚ್ ಬಾಯ್ಸ್ ಕೇಳಿಸಿತು. ಮೊದಲಿನಂತೆಯೇ, ನಿಧಾನವಾಗಿ. ಇಳಿದು ನೋಡಿದರೆ ನಿಮ್ಮಣ್ಣ ಹೊಸ ಬೆಲ್ಟು ಕಿತ್ತು, ಮಾವನ ಬೆಲ್ಟನ್ನೇ ಮತ್ತೆ ಹೊಲಿದು ಹಾಕಿದ್ದಾರೆ. ಕಣ್ಣೊರೆಸಿಕೊಂಡು, "ಪುಟ್ಟ ಹೇಳಿದ್ದೇ ಸರಿ. ಇಂಥ ದುಃಖ ಬೇರೆ ಯಾರಿಗೂ ಗೊತ್ತಿಲ್ಲ. ಬರೆದುಬಿಡು" ಅಂದರು. ಬರೆದಿದ್ದೇನೆ. ಬರುವಾಗ ಕತ್ತರಿ ಮರೆಯಬೇಡ.