ಕನಕಮ್ಮನ ಫ್ರಿಜ್ಜಿನ ಕೆಳಗಿನ ಖಾನೆ

ತಂಬ್ರಹಳ್ಳಿ,
೧೨ ಮೇ ೨೦೨೫

ಅಪ್ಪಾ,

ನಿನ್ನ ಸೊಂಟ ನೋವು ಹೇಗಿದೆ? ಒರಿಸ್ಸಾದ ಬಿಸಿಲಿನಲ್ಲಿ ಬೋರ್‌ವೆಲ್ ಪೈಪು ಎತ್ತಿ ಎತ್ತಿ ನಿನ್ನ ಕೈಗೆ ಬೊಬ್ಬೆ ಬಂದಿದೆ ಎಂದು ರಜೆಗೆ ಬಂದಿರುವ ನಿಮ್ಮ ಲಾರಿಯ ಕೊಟ್ರಸ್ವಾಮಿ ಹೇಳಿದ. ಕೊಬ್ಬರಿ ಎಣ್ಣೆ ಹಚ್ಚಿಕೋ. ಈ ಕಾಗದವನ್ನೂ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಅವ್ವ ಚೆನ್ನಾಗಿದ್ದಾಳೆ. ತಂಗಿ ರಮಾ ಈಗ ಚೆನ್ನಾಗಿದ್ದಾಳೆ. ಆ ‘ಈಗ’ ಯಾಕೆ ಬಂತು ಅನ್ನುವುದನ್ನು ಹೇಳಲಿಕ್ಕೇ ಬರೆಯುತ್ತಿರುವುದು. ಫೋನಿನಲ್ಲಿ ನಾನು ಬಾಯಿ ತೆರೆದರೆ ನೀನು ಬೈಯುತ್ತೀ, ನೀನು ಬೈದರೆ ನಾನು ಕಟ್ ಮಾಡುತ್ತೇನೆ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನ ಬರಹ, ತಪ್ಪಿದ್ದರೆ ತಿದ್ದಿಕೊಂಡು ಓದು. ಆದರೆ ಪೂರ್ತಿ ಓದು.

ನಿನ್ನೆ ಹಗರಿಬೊಮ್ಮನಹಳ್ಳಿಯ ಕಲ್ಯಾಣ ಮಂಟಪದಲ್ಲಿ ಸಕ್ಕರೆ ಕಾಯಿಲೆಯ ಮಕ್ಕಳ ಸಹಾಯಕ್ಕೆಂದು ಒಂದು ಕಾರ್ಯಕ್ರಮ ಇತ್ತು. ಮೈಕು, ಕುರ್ಚಿ ಎಲ್ಲಾ ನಾನು ಕೆಲಸ ಮಾಡುವ ಜಂಬಣ್ಣನ ಶಾಮಿಯಾನಾ ಅಂಗಡಿಯದೇ. ಮಕ್ಕಳಿಗೆ ಬೆರಳಿನ ರಕ್ತ ನೋಡುವ ಮಿಷಿನ್ ಪುಕ್ಕಟೆ ಕೊಡುತ್ತಾರೆ ಎಂದು ಕೇಳಿ ರಮಾಳನ್ನೂ ಕರೆದುಕೊಂಡು ಹೋದೆ. ಬೇರೆ ಊರು, ನಮ್ಮನ್ನು ಯಾರು ಗುರುತಿಸುತ್ತಾರೆ ಅಂದುಕೊಂಡೆ. ನಿನಗೆ ಈಗಲೇ ಸಿಟ್ಟು ಬಂದಿರುತ್ತದೆ, ಬರಲಿ. “ಊರಾಗ ಯಾರಿಗೂ ಗೊತ್ತಾಗಬಾರ್ದು, ನಾಳಿ ಹೆಣ್ಣು ಕೇಳಾಕ ಯಾರ್ ಬರ್ತಾರ” ಎಂದು ನೀನು ಹೇಳಿ ಹೋದೆ. ಹನ್ನೊಂದು ವರ್ಷದ ಹುಡುಗಿ ಎರಡು ವರ್ಷದಿಂದ ಬಾಗಿಲು ಹಾಕಿಕೊಂಡು, ಕಳ್ಳಿಯ ಹಾಗೆ, ಹೊಟ್ಟೆಗೆ ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳುತ್ತಿದ್ದಾಳೆ. ತಂಪಿನಲ್ಲಿ ಇಡಬೇಕಾದ ಔಷಧವನ್ನು ಒದ್ದೆ ಮರಳಿನ ಗಡಿಗೆಯಲ್ಲಿ ಬಚ್ಚಿಟ್ಟೆವು. ಹೋದ ತಿಂಗಳ ಬಿಸಿಲಿಗೆ ಅದು ಕೆಟ್ಟಿತು, ಅವಳು ಅಂಗಳದಲ್ಲಿ ಬಿದ್ದಳು. ಅವ್ವ ನಿನಗೆ ಫೋನಿನಲ್ಲಿ ಜ್ವರ ಎಂದಳಲ್ಲ, ಜ್ವರ ಅಲ್ಲ ಅಪ್ಪಾ. ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದಳು. ಅವಳನ್ನು ನೋಡಲು ಬಂದವರಿಗೂ ಅವ್ವ ಜ್ವರ ಎಂದೇ ಹೇಳಿದಳು, ನಿನ್ನ ಮಾತು ಉಳಿಸಲು.

ಕಾರ್ಯಕ್ರಮ ನಡೆಸಿದವರು ಅಕ್ಕಿ ಗಿರಣಿಯ ಗುರುಸಂಗಪ್ಪ. ಮಿಷಿನ್‌ಗಳನ್ನು ಕೈಯಾರೆ ಕೊಟ್ಟರು, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಮಕ್ಕಳನ್ನು ದನದ ಸಂತೆಯ ಹಾಗೆ ಸ್ಟೇಜಿನ ಮೇಲೆ ಸಾಲಾಗಿ ನಿಲ್ಲಿಸಿದರು. ಇವರ ಕಷ್ಟ ನೋಡಿ, ಇವರ ಮುಖ ನೋಡಿ ಎಂದು ಒಬ್ಬ ಮಾತಾಡಿದ್ದೇ ಮಾತಾಡಿದ್ದು. ಆಮೇಲೆ ಶುಭ ಕೆಲಸ ಆಯಿತಲ್ಲ, ಬಾಯಿ ಸಿಹಿ ಮಾಡಬೇಕಂತೆ. ಪೇಡಾ ತಟ್ಟೆ ಬಂತು. ಸಕ್ಕರೆ ಕಾಯಿಲೆಯ ಮಕ್ಕಳಿಗೆ ಪೇಡಾ! ಸಭೆಯಲ್ಲಿ ಒಬ್ಬರಿಗೂ ತಪ್ಪು ಅನ್ನಿಸಲಿಲ್ಲ, ಚಪ್ಪಾಳೆ ಹೊಡೆದರು. ನಮ್ಮಲ್ಲಿ ಮದುವೆ ಒಸಗೆಯಾಗಲಿ, ಹೊಸ ಟ್ರ್ಯಾಕ್ಟರ್ ಬರಲಿ, ಸಿಹಿ ಬಾಯಿಗೆ ಬೀಳಲೇಬೇಕು, ಹಾಗೇ ಬೆಳೆದವರು. ರಮಾ “ಬ್ಯಾಡ್ರಿ” ಎಂದು ಬಾಯಿ ಬಿಗಿ ಹಿಡಿದಳು. “ಒಂದು ತಿಂದ್ರ ಏನಾಗತೈತಿ? ನಗವ್ವಾ, ಫೋಟೋ ತಗೀತಾರ” ಎಂದು ಗುರುಸಂಗಪ್ಪ ತುರುಕಿದರು. ಫೋಟೋದವನು ಸರಿಯಾಗಿ ಬರಲಿಲ್ಲ, ಇನ್ನೊಮ್ಮೆ ಎಂದ. ಗುರುಸಂಗಪ್ಪ ಇನ್ನೊಂದು ಪೇಡಾ ಎತ್ತಿದರು. ರಮಾ ನನ್ನ ಕಡೆ ನೋಡಿದಳು. ಹೋದ ತಿಂಗಳು ಅಂಗಳದಲ್ಲಿ ಬೀಳುವ ಮುಂಚೆಯೂ ಹಾಗೇ ನೋಡಿದ್ದಳು.

ಮೈಕು ನನ್ನ ಕೈಯಲ್ಲೇ ಇತ್ತು. “ಸಾವ್ಕಾರ್ರ, ಕೈ ತಗೀರಿ! ಅಕಿಗೆ ಸಕ್ರಿ ಬ್ಯಾನಿ ಐತಿ, ಅದಕ್ಕ ಅಲ್ಲೇನ್ರಿ ಇಲ್ಲಿ ನಿಲ್ಲಿಸಿದ್ದು? ಆ ಪೇಡಾ ನಿಮ್ಮ ಬಾಯಾಗ ಹಾಕ್ಕೊಳ್ರಿ. ಅಕಿ ನನ್ನ ತಂಗಿ, ತಂಬ್ರಹಳ್ಳಿ ಮಾರಣ್ಣನ ಮಗಳು!” ಎಂದೆ. ನಿನ್ನ ಹೆಸರೂ ಹೇಳಿಬಿಟ್ಟೆ ಅಪ್ಪಾ. ಬೇಕೆಂದೇ ಹೇಳಿದೆ. ಜಂಬಣ್ಣ ಓಡಿ ಬಂದು “ಲೇ ಅಂಜಿನಿ, ನನ್ನ ಅನ್ನಕ್ಕ ಮಣ್ಣು ಹಾಕ್ತಿಯೇನಲೇ” ಎಂದು ವೈರು ಕಿತ್ತ. ಬೇರೆ ಮಕ್ಕಳ ತಾಯಂದಿರು ಎದ್ದು ಹೋಗಿ ತಮ್ಮ ಮಕ್ಕಳ ಬಾಯಿಂದ ಪೇಡಾ ತೆಗೆದರು. ಗುರುಸಂಗಪ್ಪ ಕೈಯಲ್ಲಿದ್ದದ್ದನ್ನು ಎಲ್ಲಿ ಇಡಬೇಕೋ ತಿಳಿಯದೆ ಬಿಳಿ ಅಂಗಿಯ ಜೇಬಿಗೆ ಹಾಕಿಕೊಂಡರು. ಆಗಲೇ ನಾನು ಕುರ್ಚಿಗಳ ಕಡೆ ನೋಡಿದ್ದು. ಖಾಲಿ ಕುರ್ಚಿ ತುಂಬಿಸಲು ಟೆಂಪೋದಲ್ಲಿ ಹೆಂಗಸರ ಸಂಘದವರನ್ನು ಕರೆಸಿದ್ದರು. ನಮ್ಮೂರಿನ ಸಂಘ. ಮುಂದಿನ ಸಾಲಿನಲ್ಲೇ ಪಕ್ಕದ ಹೂವಿನ ಅಂಗಡಿಯ ಕನಕಮ್ಮ. ಬಚ್ಚಲ ನೀರಿನ ಜಗಳ ಆದಾಗಿನಿಂದ ನೀನು ಮುಖ ನೋಡದ ಕನಕಮ್ಮ.

ಮಂಟಪದಲ್ಲೇ ರಮಾಳನ್ನು ಕೇಳಿ ಎಲ್ಲಾ ತಿಳಿದುಕೊಂಡಿದ್ದ ಆಕೆ ಸಂಜೆ ನಮ್ಮ ಮನೆ ಬಾಗಿಲಿಗೆ ಬಂದಳು. ಅವ್ವ ಹೆದರಿದಳು, ಇನ್ನು ಊರ ತುಂಬಾ ಸಾರುತ್ತಾಳೆ ಎಂದು. ಕನಕಮ್ಮ ಅವ್ವನಿಗೇ ತಿರುಗಿಬಿದ್ದಳು: “ಏನಬೇ ಶಿವಮ್ಮ, ಗ್ವಾಡಿಗೆ ಗ್ವಾಡಿ ಹತ್ತಿ ನಮ್ಮನಿ ಐತಿ, ಫ್ರಿಜ್ ಐತಿ. ಕೂಸು ಸಾಯೋ ಮಟ ಗಡಿಗ್ಯಾಗ ಇಟ್ಟೀರಲ್ಲ, ನಾವೇನು ತಿಂತಿದ್ವೇನು? ಮಾರಣ್ಣನ ಕೂಡ ಜಗಳ ಐತಿ, ಇದ್ರ ಕೂಡ ಏನೈತಿ?” ಆಮೇಲೆ ರಮಾಳ ಕೈ ಹಿಡಿದು ಕರೆದುಕೊಂಡು ಹೋದಳು. ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಮಾರುವ ಮಲ್ಲಿಗೆ, ಕನಕಾಂಬರ ಇತ್ತು. ಎಲ್ಲಾ ಎತ್ತಿ ಹೊರಗಿನ ಬುಟ್ಟಿಗೆ ಹಾಕಿ, ಒದ್ದೆ ಬಟ್ಟೆ ಮುಚ್ಚಿ, “ಹೂವಿಗೆ ಇಷ್ಟು ಸಾಕು, ಬಾಡಿದ್ರ ಬಾಡ್ತಾವ” ಎಂದಳು. ಖಾನೆ ಒರೆಸಿ, ಔಷಧ ಇಡಿಸಿ, ಅಂಗಡಿಯ ಹಿಂಬಾಗಿಲ ಕೀಲಿಯನ್ನು ರಮಾಳ ಕೈಗೆ ಕೊಟ್ಟಳು. ಹೂವಿನ ವ್ಯಾಪಾರವೇ ಆಕೆಯ ಜೀವನ ಎಂದು ನಿನಗೂ ಗೊತ್ತು. ಫೋಟೋ ತೆಗೆಯಲು ಅಲ್ಲಿ ಯಾರೂ ಇರಲಿಲ್ಲ.

ಜಂಬಣ್ಣ ಇನ್ನೂ ನನ್ನನ್ನು ಕೆಲಸಕ್ಕೆ ಕರೆದಿಲ್ಲ. ಕರೆಯುತ್ತಾನೆ, ಅವನ ಮೈಕಿನ ವೈರು ಎಲ್ಲಿ ಕಡಿದಿದೆ ಎಂದು ನನ್ನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಪೈಪು ಎತ್ತುವಾಗ ಸೊಂಟಕ್ಕೆ ಟವೆಲ್ ಬಿಗಿದುಕೋ. ಮೈಲಾರಲಿಂಗ ನಿನ್ನ ಬೆನ್ನಿಗಿರಲಿ. ಅವ್ವ ಕೇಳಿದಳೆಂದು ತಿಳಿ.

ನಿನ್ನ ಮಗ,
ಅಂಜಿನಿ

ತಾ.ಕ.: ಕೊಟ್ರಸ್ವಾಮಿ ಹೊರಡಲು ಅವಸರ ಮಾಡುತ್ತಿದ್ದಾನೆ, ಗಬಗಬ ಬರೆಯುತ್ತೇನೆ. ಇವತ್ತು ಬೆಳಿಗ್ಗೆ ರಮಾ ನಮ್ಮ ಕಟ್ಟೆಯ ಮೇಲೆ ಕೂತು, ಕನಕಮ್ಮನ ಗಿರಾಕಿಗಳ ಎದುರೇ ಸೂಜಿ ಹಾಕಿಕೊಂಡಳು. ಹೂ ಕೊಳ್ಳಲು ಬಂದ ಒಬ್ಬಾಕೆ “ನೋಯ್ತೈತೇನವ್ವಾ” ಎಂದಳು, ಅಷ್ಟೇ. ನೀನು ಊರಿಗೆ ಬರುವಾಗ ಪ್ರತಿ ಸಲದ ಹಾಗೆ ಪೇಡಾ ಡಬ್ಬಿ ತರಬೇಡ. ಮೊದಲು ಕನಕಮ್ಮನ ಅಂಗಡಿಗೆ ಹೋಗಿ ಮಾತಾಡು, ಆಮೇಲೆ ಮನೆಗೆ ಬಾ. ಬಂದು ಮತ್ತೆ ರಮಾಗೆ ಬಾಗಿಲು ಹಾಕಿಕೋ ಅಂದೆಯೋ, ಆ ಬಾಗಿಲನ್ನೇ ಕಿತ್ತು ಜಂಬಣ್ಣನ ಶಾಮಿಯಾನಾ ಗಾಡಿಗೆ ಹಾಕುತ್ತೇನೆ.