ಉಪ್ಪುನೀರಿನ ಮರಿ

ಶುಕ್ರವಾರ, ಸಂಜೆ

ಮುನಿಸಿಕೊಂಡು ಕೂತಿರುವ ನನ್ನ ಅಕ್ಕನಿಗೆ,

ತಂಗಿಯ ನಮಸ್ಕಾರ. ಈ ಕಾಗದವನ್ನು ಓದದೆ ಒಲೆಗೆ ಹಾಕಬೇಡ ಮಾರಾಯ್ತಿ. ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡುತ್ತೀಯ. ಭಾವ ಎತ್ತಿಕೊಂಡರೆ, ಅವಳು ಹಿತ್ತಿಲಲ್ಲಿದ್ದಾಳೆ ಎಂದು ಪಿಸುಗುಡುತ್ತಾರೆ. ನೀನು ಪಕ್ಕದಲ್ಲೇ ನಿಂತು ಹೇಳಿಸುತ್ತೀಯೆಂದು ನನಗೆ ಗೊತ್ತಿಲ್ಲವೇ?

ನೀನು ಕೇಳಿದ್ದರಲ್ಲಿ ತಪ್ಪೇನಿಲ್ಲ. ಹಂದಿಜ್ವರ ಕೆಳಬೀದಿಯವರೆಗೆ ಬಂದಿದೆ. ನಿನ್ನಿಂದ ಎರಡು ಮರಿ ಕೊಂಡಿದ್ದಳಲ್ಲ, ಆ ಟೈಲರಮ್ಮನ ಹಂದಿಗೂಡು ಪೂರ್ತಿ ಖಾಲಿಯಾಗಿದೆ. ನೀವು ತಯಾರಿಸುತ್ತಿರುವ ಲಸಿಕೆಯಲ್ಲಿ ಒಂದು ಸೀಸೆ ಕೊಡು, ಇಲ್ಲವಾದರೆ ಸೋಮವಾರ ವ್ಯಾಪಾರಿಯ ಲಾರಿಗೆ ತಾಯಿಹಂದಿಯನ್ನೂ ಮರಿಗಳನ್ನೂ ಹತ್ತಿಸಿಬಿಡಲಾ ಹೇಳು ಎಂದೆ ನೀನು. ಕೊಡುವಂತಿಲ್ಲ ಎಂದು ನಾನು ಹೇಳಿದಾಗ, ಊರಿಗೆಲ್ಲ ಮದ್ದು ಮಾಡ್ತೀಯ, ಒಡಹುಟ್ಟಿದೋಳಿಗೆ ಒಂದು ಸೂಜಿ ಇಲ್ವಾ ಅಂತ ಫೋನ್ ಇಟ್ಟೆ. ಆ ಮಾತು ಇನ್ನೂ ಚುಚ್ಚುತ್ತಿದೆ ಕಣೆ.

ಕೊಡಬೇಕಾದರೆ ಅದು ಕೆಲಸ ಮಾಡುತ್ತದೆಯೆಂದು ನನಗೆ ಗೊತ್ತಿರಬೇಕಲ್ಲ! ಶೆಡ್ಡಿನ ಮರಿಗಳಲ್ಲಿ ಅರ್ಧಕ್ಕೆ ಲಸಿಕೆ, ಅರ್ಧಕ್ಕೆ ಬರೀ ಉಪ್ಪುನೀರು ಚುಚ್ಚಿದ್ದೇವೆ. ಯಾವುದಕ್ಕೆ ಯಾವುದು ಎಂಬುದು ನಮ್ಮ ಪ್ರಯೋಗಾಲಯದ ಮೇಡಂ ಬೀರುವಿನಲ್ಲಿ ಬೀಗ ಹಾಕಿಟ್ಟ ಗುಟ್ಟು. ಗೊತ್ತಾದರೆ ನಮ್ಮ ಆಸೆಗೆ ತಕ್ಕಂತೆ ಕಣ್ಣು ನೋಡುತ್ತದೆ ಎನ್ನುತ್ತಾರೆ ಅವರು. ಆಮೇಲೆ ಎಲ್ಲವಕ್ಕೂ ನಿಜವಾದ ರೋಗವನ್ನೇ ಕೊಟ್ಟು ಕಾಯುತ್ತೇವೆ. ಎಲ್ಲವೂ ಕಿವಿಯ ಬಿಲ್ಲೆಯ ನಂಬರಿನ ಮೇಲೆ ನಿಂತಿದೆ.

ಆ ಬಿಲ್ಲೆಗಳನ್ನೇ ಎರಡು ಮರಿಗಳು, ಒಂದರದ್ದನ್ನು ಇನ್ನೊಂದು, ಜಗಿದು ಹಾಕಿವೆ! ಶೆಡ್ಡು ತೊಳೆಯುವ ಗೊಣಗಣ್ಣ ತೊಟ್ಟಿಯ ತಳದಲ್ಲಿ ಎರಡು ಬಿಲ್ಲೆ ಹೆಕ್ಕಿ ತಂದು, ತಗೊಳ್ಳಿ, ನಿಮ್ಮ ಓದಿದ ಹಂದಿಗಳ ಸರ್ಟಿಫಿಕೇಟು ಎಂದು ನನ್ನ ಮೇಜಿನ ಮೇಲಿಟ್ಟ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಿಲ್ಲೆ ಕಳೆದುಕೊಂಡ ಎರಡರಲ್ಲಿ ಒಂದು ಜ್ವರದಿಂದ ಮೂಲೆ ಹಿಡಿದಿದೆ. ಇನ್ನೊಂದು ನನ್ನ ಗಂಬೂಟು ಕಚ್ಚಿ ಎಳೆಯುತ್ತಿದೆ. ಇಡೀ ಶೆಡ್ಡಿನಲ್ಲಿ ಜ್ವರವನ್ನೇ ಕಾಣದ್ದು ಇದೊಂದೇ.

ಅದು ನಿನ್ನ ಮನೆಯದೇ ಅಕ್ಕ. ನಮಗೊಂದು ಮರಿ ಕಡಿಮೆ ಬಿದ್ದಾಗ ನೀನು ಕಳಿಸಿದೆಯಲ್ಲ, ಅದು. ಹೊಟ್ಟೆ ಕೆರೆದರೆ ಕಣ್ಣುಮುಚ್ಚಿ ಒರಗುವ ಸೊಕ್ಕು ಥೇಟ್ ಅದರ ತಾಯಿಯದೇ. ಆ ತಾಯಿ ಗಬ್ಬದಲ್ಲಿದ್ದಾಗ ಮೇವು ಬಿಟ್ಟು ಮಲಗಿತ್ತು, ನೆನಪಿದೆಯಾ? ಬಿಸಿಲಿನ ಝಳ ಎಂದು ಭಾವ ಕೊಡಗಟ್ಟಲೆ ನೀರು ಸುರಿದು ಎಬ್ಬಿಸಿದರು. ಅದೇ ಹಟ ಮರಿಗೂ ಬಂದಿದೆ. ಆದರೆ ಮುಖ ಗುರುತು ಹಿಡಿದದ್ದು ಸಾಕ್ಷಿಯಾಗುವುದಿಲ್ಲವಂತೆ. ಮರಿಗಳು ಬಂದ ದಿನ ತೆಗೆದಿಟ್ಟ ರಕ್ತದ ಜೊತೆ ಈಗಿನದನ್ನು ಹೋಲಿಸಲು ಕಳಿಸಿದ್ದೇವೆ.

ಅದಕ್ಕೆ ಸಿಕ್ಕಿದ್ದು ಲಸಿಕೆಯಾದರೆ ನನ್ನ ಇಷ್ಟು ವರ್ಷದ ದುಡಿಮೆಗೆ ಸ್ವಲ್ಪವಾದರೂ ಅರ್ಥವಿದೆ, ಮೇಡಂ ಕಾಲು ಹಿಡಿದಾದರೂ ನಿನ್ನ ಗೂಡನ್ನು ಮುಂದಿನ ಪ್ರಯೋಗಕ್ಕೆ ಸೇರಿಸುತ್ತೇನೆ. ಉಪ್ಪುನೀರಾದರೆ? ಗೊತ್ತಿಲ್ಲ. ಬೆಳಿಗ್ಗೆ ಒಂದು ಅನ್ನಿಸುತ್ತದೆ, ಮಧ್ಯಾಹ್ನ ಇನ್ನೊಂದು. ಓಡಿ ಬಂದು ನಿನ್ನೆದುರು ಕೂರೋಣವೆಂದರೆ, ಈ ಶೆಡ್ಡಿಗೆ ಕಾಲಿಟ್ಟವರು ಹೊರಗಿನ ಹಂದಿಗಳ ಹತ್ತಿರ ಸುಳಿಯುವಂತಿಲ್ಲ. ಒಟ್ಟಿನಲ್ಲಿ ತಲೆ ಕೆಟ್ಟುಹೋಗಿದೆ.

ನನ್ನನ್ನು ನಂಬಿ ಕಾಯಬೇಡ. ಸೋಮವಾರ ಲಾರಿ ಬಂದರೆ ಹತ್ತಿಸಿಬಿಡು, ಅದೇ ಕ್ಷೇಮ ಎಂದು ಕಾಣುತ್ತದೆ. ಕೋಪ ಇಳಿದಿದ್ದರೆ ಫೋನ್ ಎತ್ತು.

ನಿನ್ನ ಬೈಗುಳಕ್ಕಾದರೂ ಕಾದಿರುವ,
ತಂಗಿ

ತಾ.ಕ.: ಶನಿವಾರ. ಅಕ್ಕ, ಮೇಲೆ ಬರೆದದ್ದನ್ನು ಬಿಡು. ಲಾರಿಗೆ ಒಂದನ್ನೂ ಹತ್ತಿಸಬೇಡ. ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಇದನ್ನು ಆ ಕಡೆ ಹೊರಟ ಹಾಲಿನ ವ್ಯಾನಿನವನ ಕೈಯಲ್ಲಿ ಕಳಿಸುತ್ತಿದ್ದೇನೆ. ರಕ್ತದ ವರದಿ ಬಂತು, ಮೇಡಂ ಬೀರು ತೆಗೆದು ಪಟ್ಟಿ ನೋಡಿದರು. ಗಂಬೂಟು ಕಚ್ಚುವ ಮರಿ ನಿನ್ನದೇ. ಅದಕ್ಕೆ ಸಿಕ್ಕಿದ್ದು ಉಪ್ಪುನೀರು. ಮೂಲೆ ಹಿಡಿದದ್ದಕ್ಕೆ ನಮ್ಮ ಲಸಿಕೆ. ಹೊಸ ಮರಿಯ ರಕ್ತವನ್ನು ಮೊದಲು ಪರೀಕ್ಷಿಸಿಯೇ ಒಳಗೆ ಬಿಡುವುದು ಇಲ್ಲಿಯ ಪದ್ಧತಿ. ಅಕ್ಕನ ಮನೆಯದಲ್ಲವೇ, ಅಲ್ಲಿ ಯಾವ ರೋಗ ಎಂದು ನಾನು ಪರೀಕ್ಷಿಸದೆ ಹಾಗೇ ಒಳಗೆ ಬಿಟ್ಟಿದ್ದೆ. ಈಗ ಆ ತೆಗೆದಿಟ್ಟ ರಕ್ತ ನೋಡಿದರೆ, ಬಂದ ದಿನವೇ ಅದರ ರಕ್ತದಲ್ಲಿ ಈ ಜ್ವರವನ್ನು ತಡೆಯುವ ಶಕ್ತಿಯಿತ್ತು. ಅದು ತಾಯಿಯ ಹಾಲಿನಿಂದ ಬಂದದ್ದು. ಭಾವ ನೀರು ಸುರಿದು ಎಬ್ಬಿಸಿದಾಗ ತಾಯಿಹಂದಿಗೆ ಇದ್ದದ್ದು ಬಿಸಿಲಿನ ಝಳವಲ್ಲ ಅಕ್ಕ, ಇದೇ ಜ್ವರ. ರೋಗ ನಿನ್ನ ಗೂಡಿಗೇ ಮೊದಲು ಬಂದದ್ದು. ಅದು ಕೆಳಬೀದಿಗೆ ಇಳಿದದ್ದು ನೀನು ಮಾರಿದ ಎರಡು ಮರಿಗಳ ಜೊತೆಗೇ ಇರಬೇಕು. ಲಾರಿ ಹತ್ತಿಸಿದರೆ ಊರೂರಿಗೂ ಹೀಗೇ ಹರಡುತ್ತದೆ. ಆ ಟೈಲರಮ್ಮನಿಗೆ ಏನೆಂದು ಹೇಳುವುದೋ ನನಗೆ ಹೊಳೆಯುತ್ತಿಲ್ಲ. ನಾಳೆ ಬರುತ್ತೇನೆ, ನೀನು ಪಕ್ಕದಲ್ಲಿ ನಿಂತಿರು ಸಾಕು. ನಿನ್ನ ಮನೆಗೆ ನಾನು ಬರುವಂತಿಲ್ಲ. ಅವಳ ಮನೆಗೆ ಬರಬಹುದು, ಅಲ್ಲಿ ಈಗ ಒಂದು ಹಂದಿಯೂ ಇಲ್ಲ.